ವಿಂಡೋಸ್ 10 ನಿಂತುಹೋಯಿತಾ? ಹಳೇ ಕಂಪ್ಯೂಟರಿಗೆ 11 ಹಾಕಿಸುವ ಮುನ್ನ

ಬಂಧುಬಳಗದಲ್ಲಿ ಒಬ್ಬನಿಗೆ ಕಂಪ್ಯೂಟರ್ ಗೊತ್ತು ಅನ್ನುವ ಹೆಸರು ಬಂದರೆ ಮುಗಿಯಿತು, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ಫೋನು ಅವನಿಗೇ. 2025ರ ಅಕ್ಟೋಬರಿನಿಂದ ಈಚೆಗೆ ನನಗೆ ಬಂದ ಫೋನುಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ ಹೊತ್ತು ಬಂದಿವೆ: "ವಿಂಡೋಸ್ 10 ಮುಗೀತು ಅಂತ ಸ್ಕ್ರೀನ್ ಮೇಲೆ ಬರ್ತಿದೆ. ನಾಳೆಯಿಂದ ಸಿಸ್ಟಂ ಆನ್ ಆಗಲ್ವಾ?"

ಆಗುತ್ತದೆ. ನಾಳೆಯೂ ಆಗುತ್ತದೆ, ಬರುವ ವರ್ಷವೂ ಆಗುತ್ತದೆ. ಮುಗಿದಿರುವುದು ಬೇರೆ. 2015ರ ಜುಲೈ 29ರಂದು ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಪ್ರತಿ ತಿಂಗಳೂ ಪುಕ್ಕಟೆಯಾಗಿ ಕೊಡುತ್ತಿದ್ದ ರಿಪೇರಿಯನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಅದರ ಮುಂದಿನ ಆವೃತ್ತಿ ವಿಂಡೋಸ್ 11 ಬಂದು ಆಗಲೇ ನಾಲ್ಕು ವರ್ಷ ಕಳೆದಿತ್ತು. ಹಳೆಯದರಿಂದ ಹೊಸದಕ್ಕೆ ಹೋಗಬೇಕೇ, ಹೋಗಲು ಆಗುತ್ತದೆಯೇ, ಆಗದಿದ್ದರೆ ಏನು ದಾರಿ ಎಂಬುದನ್ನು ಬುಡದಿಂದ ನೋಡೋಣ.

ಆಪರೇಟಿಂಗ್ ಸಿಸ್ಟಂ ಅಂದರೆ ಛತ್ರದ ಉಸ್ತುವಾರಿ

ಮದುವೆ ಛತ್ರವೊಂದನ್ನು ನೆನೆಸಿಕೊಳ್ಳಿ. ಅಡುಗೆಮನೆ, ಉಗ್ರಾಣ, ಎಲೆ ಹಾಕುವ ಊಟದ ಹಾಲ್, ನೆಂಟರಿಗೆ ಕೋಣೆಗಳು. ಬರುವ ಜನ ಸೀದಾ ಉಗ್ರಾಣಕ್ಕೆ ನುಗ್ಗಿ ಬೇಳೆ ಅಳೆದುಕೊಳ್ಳುವುದಿಲ್ಲ. ಯಾರಿಗೆ ಯಾವ ಕೋಣೆ, ಮೊದಲ ಪಂಕ್ತಿಗೆ ಎಷ್ಟು ಎಲೆ, ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿ ಇರಬೇಕು, ಇದನ್ನೆಲ್ಲ ಒಬ್ಬ ಉಸ್ತುವಾರಿ ನೋಡಿಕೊಳ್ಳುತ್ತಾನೆ.

ಕಂಪ್ಯೂಟರಿನಲ್ಲಿ ಅಡುಗೆಮನೆ ಎಂದರೆ ಪ್ರೊಸೆಸರ್, ಎಲೆ ಹಾಕುವ ಹಾಲ್ ಎಂದರೆ ರ್‍ಯಾಮ್, ಉಗ್ರಾಣ ಎಂದರೆ ಡಿಸ್ಕ್. ನೀವು ತೆರೆಯುವ ವರ್ಡ್, ಕ್ರೋಮ್, ಟ್ಯಾಲಿ ಇವೆಲ್ಲ ನೆಂಟರು. ಆ ಉಸ್ತುವಾರಿಯೇ ಆಪರೇಟಿಂಗ್ ಸಿಸ್ಟಂ, ಚಿಕ್ಕದಾಗಿ ಓಎಸ್. ವಿಂಡೋಸ್ ಅಂಥದೊಂದು ಓಎಸ್. ಪ್ರಿಂಟರು, ಸ್ಕ್ಯಾನರು ಹೊರಗಿನಿಂದ ಬಂದ ಶಾಮಿಯಾನದವರು, ವಾಲಗದವರು ಇದ್ದ ಹಾಗೆ. ಅವರ ಭಾಷೆ ಉಸ್ತುವಾರಿಗೆ ಅರ್ಥವಾಗಬೇಕಾದರೆ ನಡುವೆ ಒಬ್ಬ ದುಭಾಷಿ ಬೇಕು. ಆ ಪುಟ್ಟ ಪ್ರೋಗ್ರಾಮಿಗೆ ಡ್ರೈವರ್ ಅನ್ನುತ್ತಾರೆ. ಉಸ್ತುವಾರಿ ಬದಲಾದಾಗ ಎಷ್ಟೋ ಸಲ ಹಳೆಯ ದುಭಾಷಿಯ ಮಾತು ನಡೆಯುವುದಿಲ್ಲ. ಹೊಸ ಓಎಸ್ ಹಾಕಿದ ಮೇಲೆ ಪ್ರಿಂಟರ್ ಮುನಿಸಿಕೊಳ್ಳುವುದು ಇದಕ್ಕೇ.

ಅಪ್‌ಡೇಟ್, ಅಪ್‌ಗ್ರೇಡ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರಿದ್ದಾರೆ. ಇದ್ದ ಉಸ್ತುವಾರಿಗೇ ಹೊಸ ಸೂಚನೆ ಕೊಡುವುದು ಅಪ್‌ಡೇಟ್. ಅವನನ್ನು ಕಳಿಸಿ ಬೇರೆಯವನನ್ನು ಕೂರಿಸುವುದು ಅಪ್‌ಗ್ರೇಡ್.

ರಿಪೇರಿ ನಿಂತರೆ ಏನಾಗುತ್ತದೆ

ಕೋಟಿಗಟ್ಟಲೆ ಸಾಲುಗಳಲ್ಲಿ ಬರೆದ ಪ್ರೋಗ್ರಾಮಿನಲ್ಲಿ ಎಲ್ಲೋ ಒಂದು ಚಿಲಕ ಸರಿಯಾಗಿ ಬಿದ್ದಿರುವುದಿಲ್ಲ. ಅಂಥ ಬಿರುಕುಗಳು ಪತ್ತೆಯಾದಂತೆ ಮೈಕ್ರೋಸಾಫ್ಟ್ ತಿಂಗಳಿಗೊಮ್ಮೆ, ಎರಡನೆಯ ಮಂಗಳವಾರ, ತೇಪೆಗಳನ್ನು ಕಳಿಸುತ್ತದೆ. ನಮ್ಮ ಗಡಿಯಾರದಲ್ಲಿ ಅದು ಮಂಗಳವಾರ ರಾತ್ರಿಯಾಗುವುದರಿಂದ, ಬುಧವಾರ ಬೆಳಗ್ಗೆ ಸಿಸ್ಟಂ ಆನ್ ಮಾಡಿದವರಿಗೆ "ಅಪ್‌ಡೇಟ್ ಆಗ್ತಿದೆ, ಆಫ್ ಮಾಡಬೇಡಿ" ಎಂಬ ಸುತ್ತುವ ಚುಕ್ಕಿಗಳು ಸಿಗುತ್ತವೆ.

ತೇಪೆ ನಿಂತ ದಿನವೇ ಆಕಾಶ ಕಳಚಿ ಬೀಳುವುದಿಲ್ಲ. ಅಪಾಯ ಬೆಳೆಯುವ ರೀತಿ ಸ್ವಲ್ಪ ವಿಚಿತ್ರ. ವಿಂಡೋಸ್ 10 ಮತ್ತು 11 ಎರಡೂ ಒಬ್ಬನೇ ಮೇಸ್ತ್ರಿ ಹೆಚ್ಚುಕಡಿಮೆ ಒಂದೇ ನಕ್ಷೆಯಲ್ಲಿ ಕಟ್ಟಿದ ಅಕ್ಕಪಕ್ಕದ ಮನೆಗಳು. 11ರ ಹಿತ್ತಲ ಬಾಗಿಲಿನ ಚಿಲಕಕ್ಕೆ ಈ ತಿಂಗಳು ರಿಪೇರಿಯಾಯಿತು ಎನ್ನಿ. ಆ ತೇಪೆ ಎಲ್ಲರ ಕೈಗೂ ಸಿಗುತ್ತದೆ, ಕಳ್ಳರ ಕೈಗೂ. ಅವರು ತೇಪೆಯ ಮುಂಚಿನದನ್ನೂ ಆಮೇಲಿನದನ್ನೂ ಹೋಲಿಸಿ ನೋಡಿ ದೋಷ ಎಲ್ಲಿತ್ತೆಂದು ಕಂಡುಕೊಳ್ಳುತ್ತಾರೆ. ಅದೇ ಚಿಲಕ ಪಕ್ಕದ ಮನೆಯಲ್ಲಿ, ಅಂದರೆ ನಿಮ್ಮ 10ರಲ್ಲಿ, ಇನ್ನೂ ಸಡಿಲವಾಗಿಯೇ ಇರಬಹುದು. ಹೀಗೆ ಹೊಸದಕ್ಕೆ ಆಗುವ ಪ್ರತಿ ರಿಪೇರಿಯೂ ಹಳೆಯದರ ಬಿರುಕಿಗೆ ಬೆರಳು ತೋರಿಸುತ್ತ ಹೋಗುತ್ತದೆ.

2017ರ ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶ ಲೋಕವೆಲ್ಲ ಹಬ್ಬಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚಿನಲ್ಲಿ, ತೇಪೆ ಕೊಟ್ಟಿತ್ತು. ಆದರೆ 2014ರ ಏಪ್ರಿಲಿನಲ್ಲೇ ಬೆಂಬಲ ಮುಗಿದಿದ್ದ ಹಳೆಯ ಆವೃತ್ತಿ ವಿಂಡೋಸ್ ಎಕ್ಸ್‌ಪಿಗೆ ಅದು ಸಿಕ್ಕಿರಲಿಲ್ಲ. ಅನಾಹುತವಾದ ಮೇಲೆ, ನಿಯಮ ಮುರಿದು, ಎಕ್ಸ್‌ಪಿಗೂ ತೇಪೆ ಕಳಿಸಲಾಯಿತು. ಇನ್ನೊಂದು ಮಾತೂ ಇದೆ. ಅಂದು ಹೆಚ್ಚಾಗಿ ಸಿಕ್ಕಿಬಿದ್ದದ್ದು ಎಕ್ಸ್‌ಪಿ ಅಲ್ಲ, ತೇಪೆ ಬಂದಿದ್ದರೂ ಹಾಕಿಕೊಳ್ಳದೆ ಕೂತಿದ್ದ ವಿಂಡೋಸ್ 7ರ ಯಂತ್ರಗಳು. ಹೊಸ ಓಎಸ್ ಹಾಕಿಸಿ ಅಪ್‌ಡೇಟ್ ಬಂದ್ ಮಾಡಿಟ್ಟವರು ಇದನ್ನು ಗಮನಿಸಬೇಕು.

ವಿಂಡೋಸ್ 10ರ ಜೊತೆಗೇ ಬರುವ ಡಿಫೆಂಡರ್ ಆ್ಯಂಟಿವೈರಸ್‌ಗೆ ಹೊಸ ವೈರಸ್‌ಗಳ ಗುರುತುಪಟ್ಟಿ 2028ರ ಅಕ್ಟೋಬರಿನವರೆಗೂ ಬರುತ್ತದೆ. ಹಾಗಾದರೆ ಚಿಂತೆಯಿಲ್ಲವಲ್ಲ ಎಂದರೆ, ಡಿಫೆಂಡರ್ ಗುರುತು ಸಿಕ್ಕ ಕಳ್ಳನನ್ನು ಹಿಡಿಯುತ್ತದೆ. ಸಡಿಲ ಚಿಲಕವನ್ನು ಅದು ಬಿಗಿ ಮಾಡುವುದಿಲ್ಲ.

"ನನ್ನ ಮೆಷಿನ್ನು ಚೆನ್ನಾಗೇ ಓಡುತ್ತಲ್ಲ, 11 ಯಾಕೆ ಬರಲ್ಲ?"

ತುಂಬ ಜನರಿಗೆ ಸಿಟ್ಟು ಬರುವುದು ಇಲ್ಲಿ. ಎಂಟು ಜಿಬಿ ರ್‍ಯಾಮ್ ಇದೆ, ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿಸಿದ್ದೇನೆ, ಫೋಟೋಶಾಪ್ ಕೂಡ ಓಡುತ್ತದೆ, ಆದರೂ "ಈ ಪಿಸಿ ವಿಂಡೋಸ್ 11ಕ್ಕೆ ಅರ್ಹವಲ್ಲ" ಎಂದು ತೋರಿಸುತ್ತದೆ.

ಕಾಗದದ ಮೇಲೆ 11 ಕೇಳುವ ಜಾಗ, ವೇಗ ಹೆಚ್ಚೇನಲ್ಲ. 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್, ಎರಡು ಕೋರ್‌ನ 64 ಬಿಟ್ ಪ್ರೊಸೆಸರ್ ಇದ್ದರೆ ಸಾಕು. (4 ಜಿಬಿಯಲ್ಲಿ ಓಡಿಸಲು ಹೊರಟರೆ ನಿಮ್ಮ ತಾಳ್ಮೆಯ ಪರೀಕ್ಷೆಯಾಗುತ್ತದೆ. 8 ಜಿಬಿ ಮತ್ತು ಎಸ್‌ಎಸ್‌ಡಿ ಇಲ್ಲದೆ ಕೈ ಹಾಕಬೇಡಿ ಎಂದೇ ನಾನು ಹೇಳುತ್ತೇನೆ.) ಯಂತ್ರಗಳು ಫೇಲಾಗುವುದು ಬೀಗ, ಮೊಹರುಗಳ ಲೆಕ್ಕದಲ್ಲಿ. ಅದರಲ್ಲಿ ಮೂರು ವಿಷಯಗಳಿವೆ.

ಒಂದು, ಪ್ರೊಸೆಸರಿನ ತಲೆಮಾರು. ಇಂಟೆಲ್ ಆದರೆ ಎಂಟನೆಯ ತಲೆಮಾರು ಅಥವಾ ಅದರ ಮುಂದಿನದು ಬೇಕು. ಏಳನೆಯದರಲ್ಲಿ ಬೆರಳೆಣಿಕೆಯವಕ್ಕೆ ಮಾತ್ರ ವಿನಾಯಿತಿ. ಅದನ್ನು ತಿಳಿಯುವುದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಅಬೌಟ್ ತೆರೆದರೆ ಪ್ರೊಸೆಸರಿನ ಹೆಸರಿರುತ್ತದೆ. ಐ5-7400 ಎಂದಿದ್ದರೆ ಅಡ್ಡಗೆರೆಯ ಪಕ್ಕದ 7 ಅದರ ತಲೆಮಾರು, ಹಾಗಾಗಿ ಆಗುವುದಿಲ್ಲ. ಐ5-8400 ಎಂದರೆ ಎಂಟು, ಆಗುತ್ತದೆ. ಐ3-10100 ಎಂದರೆ ಹತ್ತು. ಎಎಂಡಿಯಲ್ಲಿ ರೈಜನ್ 2000 ಸರಣಿಯ ಹಲವು ಮಾದರಿಗಳಿಂದ ಮುಂದಕ್ಕೆ ನಡೆಯುತ್ತವೆ, ಆ ಸರಣಿಯ ಎಲ್ಲವೂ ಅಲ್ಲ. ಇಂಟೆಲ್‌ನ ಎಂಟನೆಯ ತಲೆಮಾರು ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಹಾಗೆಂದು ಬಿಲ್ಲಿನ ಮೇಲಿನ ವರ್ಷ ನೋಡಿ ತೀರ್ಮಾನಿಸಬೇಡಿ, ಅಂಗಡಿಯಲ್ಲಿ ಹಳೆಯ ದಾಸ್ತಾನು ಎಷ್ಟೋ ಕಾಲ ಮಾರಾಟವಾಗುತ್ತಿರುತ್ತದೆ.

ಎರಡು, ಟಿಪಿಎಂ 2.0. ಗೋಡೆಯೊಳಗೆ ಹುದುಗಿಸಿಟ್ಟ ಪುಟ್ಟ ತಿಜೋರಿ ಅಂದುಕೊಳ್ಳಿ. ಡಿಸ್ಕಿಗೆ ಹಾಕಿದ ಗುಪ್ತ ಬೀಗದ ಕೈ, ಲಾಗಿನ್ ಆಗುವ ಪಿನ್‌ಗೆ ಸಂಬಂಧಿಸಿದ ಗುಟ್ಟು ಇವು ಡಿಸ್ಕಿನ ಮೇಲೆ ಎಲ್ಲೆಂದರಲ್ಲಿ ಬಿದ್ದಿರದೆ ಈ ತಿಜೋರಿಯಲ್ಲಿ ಇರುತ್ತವೆ. ಯಾರಾದರೂ ಡಿಸ್ಕನ್ನೇ ಬಿಚ್ಚಿಕೊಂಡು ಹೋಗಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೂ ತಿಜೋರಿ ಹಿಂದೆಯೇ ಉಳಿಯುವುದರಿಂದ ಬೀಗ ತೆರೆಯುವುದಿಲ್ಲ. ಕೆಲವು ಮದರ್‌ಬೋರ್ಡುಗಳಲ್ಲಿ ಇದು ಬೇರೆಯೇ ಚಿಪ್. ಹೆಚ್ಚಿನ ಮನೆಯ ಕಂಪ್ಯೂಟರುಗಳಲ್ಲಿ ಪ್ರೊಸೆಸರಿನ ಜೊತೆಗೇ ಬಂದಿರುತ್ತದೆ.

ಮೂರು, ಸೆಕ್ಯೂರ್ ಬೂಟ್. ಉಸ್ತುವಾರಿ ಬರುವುದಕ್ಕೂ ಮುಂಚೆ ಛತ್ರದ ಬಾಗಿಲು ತೆರೆಯುವ ಕಾವಲುಗಾರ ಒಬ್ಬನಿರುತ್ತಾನಲ್ಲ, ಕಂಪ್ಯೂಟರಿನಲ್ಲಿ ಆ ಕೆಲಸಕ್ಕೆ ಮೊದಲು ಬಯಾಸ್ ಇತ್ತು, ಈಗ ಯುಇಎಫ್‌ಐ ಇದೆ. ಬಟನ್ ಒತ್ತಿದಾಗ ಮೊದಲು ಏಳುವುದು ಇದೇ. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಕಾವಲುಗಾರ "ನಾನೇ ಉಸ್ತುವಾರಿ" ಎಂದು ಬಂದವನ ಕಾಗದದ ಮೊಹರು ನೋಡಿಯೇ ಒಳಗೆ ಬಿಡುತ್ತಾನೆ. ಇಲ್ಲವಾದರೆ ವೇಷ ಹಾಕಿಕೊಂಡ ಕುತಂತ್ರಾಂಶ ಓಎಸ್‌ಗಿಂತ ಮೊದಲೇ ಒಳಗೆ ಸೇರಿಕೊಳ್ಳಬಹುದು. ಆಮೇಲೆ ಎಂಥ ಆ್ಯಂಟಿವೈರಸ್‌ಗೂ ಅದು ಕಾಣುವುದು ಕಷ್ಟ.

ಇದರಲ್ಲಿ ಯಾವುದು ಅಡ್ಡ ಬಂದಿದೆ ಎಂದು ತಿಳಿಯಲು ಮೈಕ್ರೋಸಾಫ್ಟ್‌ನದೇ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಪ್ರೋಗ್ರಾಂ ಇದೆ. ಬರೀ ಆಗಲ್ಲ ಎನ್ನದೆ, ಯಾವುದು ಕಡಿಮೆ ಬಿದ್ದಿದೆ ಎಂದು ಹೇಳುತ್ತದೆ. ಅಂಗಡಿಯವರ ಬಳಿ ಹೋಗುವ ಮುಂಚೆ ಇದನ್ನೊಮ್ಮೆ ಓಡಿಸಿ.

ಇದೆ, ಆದರೆ ಮಲಗಿದೆ

ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಬಿಡಿಭಾಗ ಆರಿಸಿ ಕಟ್ಟಿಸಿದ ಅಸೆಂಬಲ್ಡ್ ಡೆಸ್ಕ್‌ಟಾಪ್ ನಿಮ್ಮದಾದರೆ ಈ ಭಾಗವನ್ನು ಎರಡು ಸಲ ಓದಿ. ಪ್ರೊಸೆಸರ್ ಒಂಬತ್ತನೆಯ ತಲೆಮಾರಿನದಾದರೂ "ಟಿಪಿಎಂ ಇಲ್ಲ" ಎಂದು ತೋರಿಸಿದರೆ ಹೆಚ್ಚಾಗಿ ಅದು ಇರುತ್ತದೆ, ಯಾರೂ ಚಾಲೂ ಮಾಡಿರುವುದಿಲ್ಲ. ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತುತ್ತ ಹೋದರೆ ಯುಇಎಫ್‌ಐ ಪರದೆ ತೆರೆಯುತ್ತದೆ (ಕಂಪನಿಗೊಂದು ಕೀ). ಇಂಟೆಲ್ ಬೋರ್ಡಿನಲ್ಲಿ ಟಿಪಿಎಂಗೆ ಪಿಟಿಟಿ ಎಂಬ ಹೆಸರು, ಎಎಂಡಿಯಲ್ಲಿ ಎಫ್‌ಟಿಪಿಎಂ. ಅದನ್ನು ಎನೇಬಲ್ ಮಾಡಿದರೆ ಆಯಿತು.

ಸೆಕ್ಯೂರ್ ಬೂಟ್ ಅಷ್ಟು ಸಲೀಸಲ್ಲ. ಆಗಿನ ಕಾಲದಲ್ಲಿ ವಿಂಡೋಸ್ ಹಾಕಿಕೊಟ್ಟವರು ಎಷ್ಟೋ ಯಂತ್ರಗಳಲ್ಲಿ ಲೆಗಸಿ ಎಂಬ ಹಳೆಯ ಬಯಾಸ್ ರೀತಿಯಲ್ಲೇ ಹಾಕಿರುತ್ತಾರೆ. ಆಗ ಡಿಸ್ಕಿನ ಪರಿವಿಡಿಯೂ ಎಂಬಿಆರ್ ಎಂಬ ಹಳೇ ಪದ್ಧತಿಯಲ್ಲಿರುತ್ತದೆ. ಹೊಸ ಕಾವಲುಗಾರನಿಗೆ ಓದಲು ಬೇಕಾದದ್ದು ಜಿಪಿಟಿ ಎಂಬ ಹೊಸ ಪದ್ಧತಿಯ ಪರಿವಿಡಿ. ಡಿಸ್ಕನ್ನು ಹಾಗೇ ಬಿಟ್ಟು ಸೆಟ್ಟಿಂಗ್ ಮಾತ್ರ ಯುಇಎಫ್‌ಐಗೆ ಬದಲಿಸಿದರೆ ಕಂಪ್ಯೂಟರ್ "ಬೂಟ್ ಡಿವೈಸ್ ಸಿಗಲಿಲ್ಲ" ಎಂದು ಕೂತುಬಿಡುತ್ತದೆ. ಗಾಬರಿ ಬೇಡ, ಏನೂ ಅಳಿಸಿಹೋಗಿಲ್ಲ. ಸೆಟ್ಟಿಂಗನ್ನು ಮೊದಲಿನಂತೆ ಲೆಗಸಿಗೆ ತಂದರೆ ಮತ್ತೆ ಏಳುತ್ತದೆ. ಸರಿಯಾದ ಕ್ರಮವೆಂದರೆ ಮೊದಲು ವಿಂಡೋಸ್ 10ರಲ್ಲೇ ಇರುವ ಎಂಬಿಆರ್2ಜಿಪಿಟಿ ಎಂಬ ಸಾಧನದಿಂದ ಪರಿವಿಡಿಯನ್ನು ಬದಲಿಸಿ, ಆಮೇಲೆ ಸೆಟ್ಟಿಂಗ್ ಬದಲಿಸುವುದು. ಅದು ಕಡತಗಳನ್ನು ಅಳಿಸುವುದಿಲ್ಲ. ಆದರೂ ಪರಿವಿಡಿಗೇ ಕೈ ಹಾಕುವ ಕೆಲಸವಾದ್ದರಿಂದ ಬ್ಯಾಕಪ್ ಇಲ್ಲದೆ ಮಾಡಬಾರದು. "ಫಾರ್ಮ್ಯಾಟ್ ಮಾಡದೆ ಆಗೋದೇ ಇಲ್ಲ" ಎಂದು ಯಾರಾದರೂ ಖಡಾಖಂಡಿತವಾಗಿ ಹೇಳಿದರೆ ಈ ಸಾಧನದ ಹೆಸರನ್ನು ಒಮ್ಮೆ ಹೇಳಿ ನೋಡಿ.

ಫಾರ್ಮ್ಯಾಟ್ ನಿಜವಾಗಿ ಅನಿವಾರ್ಯವಾಗುವ ಒಂದು ಸಂದರ್ಭವಿದೆ. ಅಬೌಟ್ ಪುಟದಲ್ಲಿ ಸಿಸ್ಟಂ ಟೈಪ್ ಎದುರು 32 ಬಿಟ್ ಆಪರೇಟಿಂಗ್ ಸಿಸ್ಟಂ ಎಂದಿದ್ದರೆ ಇದ್ದದ್ದರ ಮೇಲೆಯೇ ಅಪ್‌ಗ್ರೇಡ್ ಆಗುವುದಿಲ್ಲ, ಯಾಕೆಂದರೆ ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಡಾಸ್ ಕಾಲದಲ್ಲಿ ಬರೆಸಿದ ಬಿಲ್ಲಿಂಗ್ ಪ್ರೋಗ್ರಾಮನ್ನು ಇನ್ನೂ ಓಡಿಸುತ್ತಿರುವ ಅಂಗಡಿ, ಸೊಸೈಟಿಗಳಿಗೆ ಇದು ಮುಖ್ಯ. ಅಂಥ 16 ಬಿಟ್ ಪ್ರೋಗ್ರಾಂ 32 ಬಿಟ್ ವಿಂಡೋಸ್‌ನಲ್ಲಿ ಉಸಿರಾಡುತ್ತಿತ್ತು, 64 ಬಿಟ್‌ನಲ್ಲಿ ನೇರವಾಗಿ ತೆರೆಯುವುದೇ ಇಲ್ಲ.

ಆಗುವುದೇ ಇಲ್ಲ ಎಂದಾದರೆ

ಪ್ರೊಸೆಸರೇ ಹಳತಾದರೆ ಸೆಟ್ಟಿಂಗ್ ಬದಲಿಸಿ ಪ್ರಯೋಜನವಿಲ್ಲ. ಆಗ ತಕ್ಷಣದ ದಾರಿ ಇಎಸ್‌ಯು, ಅಂದರೆ ವಿಂಡೋಸ್ 10ಕ್ಕೇ ಇನ್ನಷ್ಟು ಕಾಲ ಭದ್ರತೆಯ ತೇಪೆಗಳು. ಮನೆಬಳಕೆಯವರಿಗೆ ಇದನ್ನು 2026ರ ಅಕ್ಟೋಬರ್ 13ರವರೆಗೆ ಎಂದು ಪ್ರಕಟಿಸಲಾಯಿತು. ನಿಮ್ಮಲ್ಲಿ 10ರ ಕೊನೆಯ ಆವೃತ್ತಿಯಾದ 22ಎಚ್2 ಇರಬೇಕು, ಮೈಕ್ರೋಸಾಫ್ಟ್ ಖಾತೆ ಇರಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿಯ ಕೊಂಡಿ ಬರುತ್ತದೆ. ಸೆಟ್ಟಿಂಗ್‌ಗಳನ್ನು ವಿಂಡೋಸ್ ಬ್ಯಾಕಪ್ ಮೂಲಕ ಖಾತೆಗೆ ಜೋಡಿಸಿದರೆ ಹಣ ಬೇಡ. ಅದು ಬೇಡವೆಂದರೆ 1,000 ಮೈಕ್ರೋಸಾಫ್ಟ್ ರಿವಾರ್ಡ್ಸ್ ಅಂಕ, ಇಲ್ಲವೇ 30 ಡಾಲರ್ ಅಥವಾ ಆಯಾ ದೇಶದಲ್ಲಿ ಅದಕ್ಕೆ ಸಮನಾದ ಮೊತ್ತ. ಸಿಗುವುದು ಭದ್ರತೆಯ ರಿಪೇರಿ ಮಾತ್ರ, ಹೊಸ ಸೌಲಭ್ಯವಾಗಲಿ ಸಹಾಯವಾಣಿಯಾಗಲಿ ಇಲ್ಲ. ಸಂಸ್ಥೆಗಳ ಲೆಕ್ಕವೇ ಬೇರೆ: ಮೊದಲ ವರ್ಷ ಒಂದು ಯಂತ್ರಕ್ಕೆ 61 ಡಾಲರ್, ಮುಂದಿನ ವರ್ಷ ಅದರ ಎರಡರಷ್ಟು, ಮೂರನೆಯ ವರ್ಷ ಮತ್ತೆ ಎರಡರಷ್ಟು.

ಅಡ್ಡದಾರಿಯೂ ಇದೆ. ತಪಾಸಣೆಯನ್ನೇ ತಪ್ಪಿಸುವ ಪೆನ್‌ಡ್ರೈವ್ ತಯಾರಿಸಿ 11 ಹಾಕಿಕೊಡುವವರು ಊರೂರಲ್ಲಿ ಸಿಗುತ್ತಾರೆ. ಹಾಕಿದರೆ ಓಡುವುದೂ ನಿಜ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟಿನ ಭರವಸೆ ತಾನು ಕೊಡುವುದಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ತೇಪೆ ಸಿಗಲಿ ಎಂದೇ ಹೊಸದಕ್ಕೆ ಹೋಗುವಾಗ, ತೇಪೆಯ ಭರವಸೆ ಇಲ್ಲದ ದಾರಿ ಹಿಡಿಯುವುದು ನನಗೇನೋ ತರ್ಕವೆನಿಸುವುದಿಲ್ಲ. ಕೋರ್ 2 ಡುಯೊ ಕಾಲದ ತೀರ ಹಳೆಯ ಯಂತ್ರಗಳಲ್ಲಿ ಈ ಉಪಾಯವೂ ನಡೆಯುವುದಿಲ್ಲ. 11ರ 24ಎಚ್2 ಆವೃತ್ತಿಯಿಂದ ಮುಂದಕ್ಕೆ ಓಎಸ್ ಬಳಸುವ ಕೆಲವು ಆಜ್ಞೆಗಳು ಆ ಪ್ರೊಸೆಸರುಗಳಿಗೆ ಗೊತ್ತೇ ಇಲ್ಲ.

ಬ್ರೌಸರು, ಮೇಲು, ಪತ್ರ ಬರೆಯುವುದು, ಮಕ್ಕಳ ಪಾಠ ಇಷ್ಟಕ್ಕೇ ಕಂಪ್ಯೂಟರ್ ಬಳಸುವವರಿಗೆ ಲಿನಕ್ಸ್ ಎಂಬ ಬೇರೆ ಓಎಸ್ ಒಳ್ಳೆಯ ದಾರಿ. ಅದರ ರೂಪಗಳಾದ ಉಬುಂಟು, ಲಿನಕ್ಸ್ ಮಿಂಟ್ ಎರಡೂ ಉಚಿತ. ಪೆನ್‌ಡ್ರೈವಿನಿಂದಲೇ ಓಡಿಸಿ, ಡಿಸ್ಕಿಗೆ ಕೈ ಹಚ್ಚದೆ, ವೈಫೈ ಹತ್ತುತ್ತದೆಯೇ ಪ್ರಿಂಟ್ ಬರುತ್ತದೆಯೇ ಎಂದು ಪರೀಕ್ಷಿಸಬಹುದು. 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ರೂಢಿಯಾದವರಿಗೆ ಅದೇ ಕಗಪ ಕೀಲಿಮಣೆ ವಿನ್ಯಾಸ ಅಲ್ಲೂ ಸಿಗುತ್ತದೆ. ಟ್ಯಾಲಿ, ಪೇಜ್‌ಮೇಕರ್ ನಂಬಿ ದುಡಿಯುವವರಿಗೆ ಮಾತ್ರ ಇದು ಒಗ್ಗುವುದಿಲ್ಲ.

ಕನ್ನಡದ ಕಡತಗಳಿಗೆ ಏನಾಗುತ್ತದೆ

ಇಂಗ್ಲಿಷಿನಲ್ಲಿ ಬರುವ ಮಾರ್ಗದರ್ಶಿಗಳಲ್ಲಿ ಈ ಮಾತು ಇರುವುದಿಲ್ಲ, ನಮಗೆ ಮಾತ್ರ ಇದೇ ದೊಡ್ಡ ತಲೆನೋವು. ಡಿಟಿಪಿ ಅಂಗಡಿ, ಮುದ್ರಣಾಲಯ, ವಕೀಲರ ಕಚೇರಿಗಳಲ್ಲಿ ಇಪ್ಪತ್ತು ವರ್ಷದಿಂದ ಗುಡ್ಡೆಯಾದ ಕನ್ನಡ ಕಡತಗಳಲ್ಲಿ ಎರಡು ಜಾತಿ. ಒಂದು ಯೂನಿಕೋಡ್, ಅಲ್ಲಿ "ಕ" ಎಂದರೆ ಕಂಪ್ಯೂಟರಿಗೂ "ಕ". ಇನ್ನೊಂದು ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಟೈಪಿಸಿದ್ದು. ಅಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಮೇಲೆ ಕನ್ನಡದ ಆಕಾರವನ್ನು ಬಣ್ಣ ಬಳಿದಂತೆ ಕೂರಿಸಿರುತ್ತಾರೆ. ಫಾಂಟ್ ಇರುವವರೆಗೆ ಕನ್ನಡ. ಅದಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ.

ಇದ್ದದ್ದರ ಮೇಲೆಯೇ ಅಪ್‌ಗ್ರೇಡ್ ಮಾಡಿದರೆ ನೀವು ಹಾಕಿಕೊಂಡ ಫಾಂಟುಗಳು ಉಳಿಯುತ್ತವೆ. ಫಾರ್ಮ್ಯಾಟ್ ಮಾಡಿ ಹಾಕಿದರೆ ಎಲ್ಲವೂ ಹೋಗುತ್ತವೆ. ನುಡಿಯನ್ನು ಮತ್ತೆ ಇಳಿಸಿಕೊಳ್ಳಬಹುದು. ಆದರೆ 2005ರಲ್ಲಿ ಯಾರೋ ಸಿಡಿಯಲ್ಲಿ ಕೊಟ್ಟ ಅಲಂಕಾರದ ಫಾಂಟ್ ಮತ್ತೆ ಎಲ್ಲಿ ಸಿಗಬೇಕು? ಆದ್ದರಿಂದ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ. ಫಾರ್ಮ್ಯಾಟ್ ಮಾಡಿಕೊಡುವವರು ಡೆಸ್ಕ್‌ಟಾಪು, ಡಾಕ್ಯುಮೆಂಟ್ಸು ನೆನಪಿಟ್ಟುಕೊಂಡರೂ ಫಾಂಟನ್ನು ಮರೆತುಬಿಡುವುದೇ ಹೆಚ್ಚು.

ಇನ್ನೊಂದು ಸೂಕ್ಷ್ಮವಿದೆ. ಎಕ್ಸ್‌ಪಿ ಕಾಲದಿಂದ ಪರಿಚಿತವಾದ ತುಂಗಾ ಫಾಂಟ್ ಈಗ ವಿಂಡೋಸ್ ಜೊತೆ ತಾನಾಗಿ ಬರುವುದಿಲ್ಲ. ಅದರ ಜಾಗದಲ್ಲಿ ನಿರ್ಮಲಾ ಯುಐ ಇದೆ. ತುಂಗಾದಲ್ಲಿ ಹೊಂದಿಸಿದ ಯೂನಿಕೋಡ್ ಪುಟವನ್ನು ನಿರ್ಮಲಾದಲ್ಲಿ ತೆರೆದರೆ ಓದಲು ತೊಂದರೆಯಿಲ್ಲ, ಆದರೆ ಸಾಲುಗಳು ಬೇರೆ ಕಡೆ ಮುರಿಯುತ್ತವೆ, ಒಂದು ಪುಟದ ಪತ್ರ ಒಂದೂಕಾಲು ಪುಟವಾಗಬಹುದು. ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್ ತೆರೆದು "ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್" ಸೇರಿಸಿಕೊಂಡರೆ ತುಂಗಾ ಮರಳಿ ಬರುತ್ತದೆ. ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿದರೂ ಬರುತ್ತದೆ. ಜೊತೆಗೆ ಕನ್ನಡದ ಫೊನೆಟಿಕ್ ಕೀಲಿಮಣೆಯೂ ಸಿಗುತ್ತದೆ, ವಿಂಡೋಸ್ 10ರ 2019ರ ಆವೃತ್ತಿಯಿಂದಲೇ ಇದ್ದರೂ ಹೆಚ್ಚು ಜನ ಗಮನಿಸಿಲ್ಲ.

ಹಿಂದಿನ ದಿನದ ಕೆಲಸ

"ಡಿ ಡ್ರೈವಿನಲ್ಲಿ ಇಟ್ಟಿದೀನಿ, ಸೇಫ್" ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಸಿ, ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಕೋಣೆಗಳು. ಡಿಸ್ಕೇ ಕೈಕೊಟ್ಟರೆ ಎರಡೂ ಹೋದವು. ಬ್ಯಾಕಪ್ ಎಂದರೆ ಈ ಡಬ್ಬದಿಂದ ಹೊರಗಿರುವ ಪ್ರತಿ: ಎಕ್ಸ್‌ಟರ್ನಲ್ ಡಿಸ್ಕ್ ಅಥವಾ ಕ್ಲೌಡ್. ಟ್ಯಾಲಿಯ ಡೇಟಾ ಫೋಲ್ಡರ್, ಔಟ್‌ಲುಕ್‌ನ ಮೇಲ್ ಕಡತ, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಇವು ಡೆಸ್ಕ್‌ಟಾಪಿನ ಮೇಲೆ ಕಣ್ಣಿಗೆ ಬೀಳುವಂಥವಲ್ಲ, ಹುಡುಕಿ ತೆಗೆದಿಡಬೇಕು.

ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ, ಯುಇಎಫ್‌ಐಯಲ್ಲಿ ಏನಾದರೂ ಬದಲಿಸುವ ಮುಂಚೆ ಬೀಗವನ್ನು ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಿ. ಇಲ್ಲದಿದ್ದರೆ ತಿಜೋರಿಗೆ ಅನುಮಾನ ಬಂದು, ಆ 48 ಅಂಕಿ ಕೊಡುವವರೆಗೆ ಒಳಗೆ ಬಿಡುವುದಿಲ್ಲ. ಕೀ ಮೈಕ್ರೋಸಾಫ್ಟ್ ಖಾತೆಯಲ್ಲೂ ಇರಬಹುದು, ಆದರೆ ಆ ಖಾತೆಯ ಪಾಸ್‌ವರ್ಡ್ ಈ ಕಂಪ್ಯೂಟರಿನೊಳಗೇ ಸಿಕ್ಕಿಕೊಂಡಿದ್ದರೆ ಏನುಪಯೋಗ.

ಸೆಟ್ಟಿಂಗ್ಸ್‌ನ ಆ್ಯಕ್ಟಿವೇಶನ್ ಪುಟವನ್ನೂ ನೋಡಿ. ನಿಮ್ಮ 10 ಅಸಲಿಯಾದರೆ 11ಕ್ಕೆ ಬೇರೆ ಹಣವಿಲ್ಲ, ಪರವಾನಗಿ ಮದರ್‌ಬೋರ್ಡಿಗೆ ಅಂಟಿಕೊಂಡು ಬರುತ್ತದೆ.

ದಿನವನ್ನೂ ನೋಡಿ ಆರಿಸಿ. ಜಿಎಸ್‌ಟಿ ತುಂಬುವವರು 20ನೆಯ ತಾರೀಖಿನ ಆಸುಪಾಸಿನಲ್ಲಿ ಇದಕ್ಕೆ ಕೈ ಹಾಕಬೇಡಿ. ಮಳೆಗಾಲದಲ್ಲಿ ಕರೆಂಟು ಕಣ್ಣಾಮುಚ್ಚಾಲೆ ಆಡುವ ಊರಾದರೆ, ಯುಪಿಎಸ್ ಬ್ಯಾಟರಿ ಐದು ನಿಮಿಷವೂ ನಿಲ್ಲದಿದ್ದರೆ, ಮೊದಲು ಬ್ಯಾಟರಿ ಬದಲಿಸಿ.

ಒಳಗೆ ನಡೆಯುವುದೇನು

ಅರ್ಹ ಯಂತ್ರವಾದರೆ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ 11ರ ಆಹ್ವಾನ ಇರುತ್ತದೆ. ಇಲ್ಲದಿದ್ದರೆ ಮೈಕ್ರೋಸಾಫ್ಟ್ ತಾಣದಿಂದ ಇನ್‌ಸ್ಟಲೇಶನ್ ಅಸಿಸ್ಟೆಂಟ್ ಇಳಿಸಿಕೊಳ್ಳಬಹುದು. ಹಲವು ಜಿಬಿ ಇಳಿಯುವ ಕೆಲಸ, ಮೊಬೈಲ್ ಹಾಟ್‌ಸ್ಪಾಟ್ ನಂಬಿ ಕೂರಬೇಡಿ.

ಮನೆಮಂದಿ ಒಳಗಿರುವಾಗಲೇ ಹೆಂಚು ತೆಗೆದು ಹೊಸ ಮಾಡು ಕಟ್ಟಿದ ಹಾಗೆ ಇದು ನಡೆಯುತ್ತದೆ. ಮೊದಲ ಹಂತದಲ್ಲಿ ನೀವು ಕೆಲಸ ಮಾಡುತ್ತಿರುವಾಗಲೇ ಹಿಂದೆ ಸಾಮಾನು ಬಂದು ಬೀಳುತ್ತದೆ, ಜಾಗ ಇದೆಯೇ, ಯಾವ ಡ್ರೈವರ್ ತಕರಾರು ಮಾಡುತ್ತದೆ ಎಂಬ ತಪಾಸಣೆಯಾಗುತ್ತದೆ. ಆಮೇಲೆ ರೀಸ್ಟಾರ್ಟ್. ಈಗ ಹಳೆಯ ಉಸ್ತುವಾರಿಯೂ ಇಲ್ಲ, ಹೊಸಬನೂ ಬಂದಿಲ್ಲ. ತಾತ್ಕಾಲಿಕ ಪುಟ್ಟ ಓಎಸ್ ಒಂದು ಎದ್ದು ಹಳೆಯ ವಿಂಡೋಸನ್ನು "ವಿಂಡೋಸ್ ಡಾಟ್ ಓಲ್ಡ್" ಎಂಬ ಫೋಲ್ಡರಿಗೆ ಸರಿಸಿ, ಹೊಸದನ್ನು ಹಾಸುತ್ತದೆ. ಮತ್ತೊಂದು ರೀಸ್ಟಾರ್ಟಿನಲ್ಲಿ ಹೊಸ ವಿಂಡೋಸ್ ಮೊದಲ ಸಲ ಕಣ್ಣು ಬಿಟ್ಟು ಡ್ರೈವರುಗಳನ್ನು ಪರಿಚಯ ಮಾಡಿಕೊಳ್ಳುತ್ತದೆ. ಕೊನೆಯದರಲ್ಲಿ ನಿಮ್ಮ ಪ್ರೋಗ್ರಾಂ, ಸೆಟ್ಟಿಂಗುಗಳನ್ನು ಜಾಗಕ್ಕೆ ಕೂರಿಸುತ್ತದೆ. ನಡುವೆ ಶೇಕಡಾ ಲೆಕ್ಕ ಒಂದೇ ಅಂಕಿಯಲ್ಲಿ ಅರ್ಧ ಗಂಟೆ ನಿಂತಂತೆ ಕಂಡರೂ ಬಟನ್ ಒತ್ತಿ ಆಫ್ ಮಾಡಬಾರದು. ಎಲ್ಲಿಯಾದರೂ ಎಡವಿದರೆ ಸಾಮಾನ್ಯವಾಗಿ ತಾನೇ ಹಳೆಯದಕ್ಕೆ ಮರಳಿ "ಆಗಲಿಲ್ಲ" ಎಂದು ಒಂದು ಸಂಕೇತ ಸಂಖ್ಯೆ ಕೊಡುತ್ತದೆ. ಅದನ್ನು ಫೋಟೋ ತೆಗೆದಿಟ್ಟುಕೊಳ್ಳಿ, ಕಾರಣ ಹುಡುಕಲು ಅದೇ ಆಧಾರ.

ಮೊದಲ ಹತ್ತು ದಿನ

ಸ್ಟಾರ್ಟ್ ಬಟನ್ ನಡುವಿಗೆ ಬಂದಿರುತ್ತದೆ, ಟಾಸ್ಕ್‌ಬಾರ್ ಸೆಟ್ಟಿಂಗಿನಲ್ಲಿ ಎಡಕ್ಕೆ ತರಬಹುದು. ರೈಟ್ ಕ್ಲಿಕ್ ಮಾಡಿದಾಗ ಹಳೆಯ ಪಟ್ಟಿ "ಶೋ ಮೋರ್ ಆಪ್ಷನ್ಸ್" ಹಿಂದೆ ಅಡಗಿರುತ್ತದೆ. ವರ್ಡ್‌ಪ್ಯಾಡ್ 24ಎಚ್2ರಿಂದ ಮುಂದಕ್ಕೆ ಇಲ್ಲವೇ ಇಲ್ಲ. ಇವೆಲ್ಲ ವಾರದಲ್ಲಿ ಕೈಗೆ ಒಗ್ಗುತ್ತವೆ.

ನಿಜವಾಗಿ ನೋಡಬೇಕಾದ್ದು ದಿನವೂ ಬಳಸದ ಸಾಮಾನುಗಳನ್ನು. ಸ್ಕ್ಯಾನರಿನಲ್ಲಿ ಒಂದು ಪುಟ ಸ್ಕ್ಯಾನ್ ಮಾಡಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಚುಚ್ಚಿ ಅದರ ಪಿನ್ ಕೇಳುತ್ತದೆಯೇ ನೋಡಿ. ಹಳೆಯ ನುಡಿ ಕಡತ ಒಂದನ್ನು ತೆರೆಯಿರಿ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಬೇಕೆನ್ನುವ ಹಳೇ ಕಚೇರಿ ತಾಣವಿದ್ದರೆ ಎಡ್ಜ್ ಬ್ರೌಸರಿನ ಐಇ ಮೋಡ್‌ನಲ್ಲಿ ಪ್ರಯತ್ನಿಸಿ.

ಯಾವುದಾದರೂ ಹಟ ಹಿಡಿದರೆ ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿ ಪುಟದಲ್ಲಿ ಗೋ ಬ್ಯಾಕ್ ಎಂಬ ಬಟನ್ ಇದೆ. ಒತ್ತಿದರೆ ಸರಿಸಿಟ್ಟಿದ್ದ ಹಳೆಯ ವಿಂಡೋಸ್ 10 ಮರಳಿ ಬರುತ್ತದೆ. ಡಿಸ್ಕಿನಲ್ಲಿ ಜಾಗ ಮಾಡಿಕೊಳ್ಳಲು ಅವಸರಪಟ್ಟು ಡಿಸ್ಕ್ ಕ್ಲೀನಪ್‌ನಲ್ಲಿ "ಪ್ರೀವಿಯಸ್ ವಿಂಡೋಸ್" ಅಳಿಸಿದವರಿಗೆ ಈ ದಾರಿ ಆಗಲೇ ಮುಚ್ಚಿರುತ್ತದೆ. ಅಳಿಸದವರಿಗೂ ಹತ್ತು ದಿನವಷ್ಟೇ. ಆಮೇಲೆ ವಿಂಡೋಸ್ ತಾನಾಗಿಯೇ ಆ ಫೋಲ್ಡರನ್ನು ಗುಡಿಸಿಹಾಕುತ್ತದೆ. ತಿಂಗಳಿಗೊಮ್ಮೆ ಮಾತ್ರ ಟೋಕನ್ ಬಳಸುವ ಲೆಕ್ಕಿಗರು ಇದನ್ನು ಗಮನಿಸುವುದು ಹೆಚ್ಚಾಗಿ ಹನ್ನೊಂದನೆಯ ದಿನ.